ಪೈಲಟ್‌ನ ಹೆಂಡತಿ ಬಾಗಿದ್ದು

ಅಳೋದು ಆಮೇಲೂ ಅಳಬಹುದು, ಮೊದಲು ಹೋಗಿ ಬಾಗಿ ಬಾ ಎಂದು ಅತ್ತೆ ಹೇಳಿದಾಗ ಕಿನುಯೊ ಇನ್ನೂ ಗಂಡನ ಮುಖ ನೋಡಿರಲಿಲ್ಲ. ನೋಡುವುದಕ್ಕೆ ಮುಖ ಉಳಿದಿರಲಿಲ್ಲ ಎನ್ನುವುದು ಬೇರೆ ಮಾತು. ಸತ್ತವರು ಮನೆಗೆ ಬಂದು ಹೋಗುತ್ತಾರೆನ್ನುವ ಓಬೋನ್ ಹಬ್ಬಕ್ಕೆಂದು ಊರಿಗೆ ಹೊರಟವರನ್ನು ತುಂಬಿಕೊಂಡು ಓಸಾಕಾದಿಂದ ಬಂದ ವಿಮಾನ, ಇನ್ನೇನು ಇಳಿಯಬೇಕು ಅನ್ನುವಾಗ ಊರ ಹಿಂದಿನ ಗುಡ್ಡಕ್ಕೆ ಮೂಗು ಕೊಟ್ಟು ಉರಿದುಹೋಗಿತ್ತು. ಒಂದು ಜೀವವೂ ಉಳಿಯಲಿಲ್ಲ. ಅದನ್ನು ಹಾರಿಸುತ್ತಿದ್ದವನು ಹಿರಾಗಾ ಸೆಯ್‌ಜಿ, ಕಿನುಯೊಳ ಗಂಡ, ತೊಮೆ ಮುದುಕಿಯ ಒಬ್ಬನೇ ಮಗ.

ಹೆಣಗಳನ್ನೆಲ್ಲ ಊರ ಶಾಲೆಯ ಆಟದ ಹಾಲ್‌ನಲ್ಲಿ ಸಾಲಾಗಿ ಇಟ್ಟಿದ್ದರು. ಬಿಳಿ ಮರದ ಪೆಟ್ಟಿಗೆಗಳು, ಮೇಲೆ ಬಿಳಿ ಸೇವಂತಿಗೆ, ಸೆಕೆಗೆ ನಡುನಡುವೆ ಮಂಜುಗಡ್ಡೆಯ ತೊಟ್ಟಿಗಳು. ವಿಮಾನದ ಸಿಬ್ಬಂದಿಯ ಪೆಟ್ಟಿಗೆಗಳು ಆ ಸಾಲಿನಲ್ಲಿರಲಿಲ್ಲ. ಅವನ್ನು ಹಿಂದಿನ ಉಗ್ರಾಣದಲ್ಲಿ, ಚೆಂಡಿನ ಬುಟ್ಟಿ ಮತ್ತು ಲಾಗ ಹಾಕುವ ಹಾಸಿಗೆಗಳ ಪಕ್ಕದಲ್ಲಿ ಇಟ್ಟಿದ್ದರು. ಸತ್ತ ಮೇಲೂ ನೌಕರರು ನೌಕರರೇ.

"ನಮ್ಮದೇ ತಪ್ಪು ಅಂತ ಯಾರು ಹೇಳಿದ್ರು ಅತ್ತೆ?" ಎಂದು ಕಿನುಯೊ ಕೇಳಿದಳು.

"ತಪ್ಪು ಯಾರದ್ದು ಅನ್ನೋದನ್ನ ಓದಿದೋರು ಆಮೇಲೆ ಹುಡುಕ್ತಾರೆ. ನಮ್ಮನೆ ಒಲೆ ಹೊಗೆ ಪಕ್ಕದ ಮನೆಗೆ ಹೋದ್ರೂ ಹೋಗಿ ತಪ್ಪಾಯ್ತು ಅಂತ ಬಾಗಿ ಬರಲ್ವಾ ನಾವು? ಅಷ್ಟು ಜನರ ಮಕ್ಕಳು ನನ್ನ ಮಗನ ಕೈಲಿದ್ರು. ಅವನು ಕೈಬಿಟ್ಟನೋ, ಕೈತಪ್ಪಿತೋ, ಮನೆ ಮುಟ್ಟಿಸಲಿಲ್ಲ ತಾನೆ? ನಡೀ. ನನಗೆ ಮಂಡಿ ಮಡಚೋಕಾಗಿದ್ರೆ ನಾನೇ ಹೋಗ್ತಿದ್ದೆ."

ತೊಮೆ ಸಮುದ್ರದ ದಂಡೆಯಲ್ಲಿ ಹುಟ್ಟಿ, ಮೀನು ಒಣಗಿಸಿ, ಗಂಡನನ್ನು ಸಮುದ್ರಕ್ಕೆ ಕೊಟ್ಟು, ಮಗನನ್ನು ಆಕಾಶಕ್ಕೆ ಕಳಿಸಿದ ಹೆಂಗಸು. ಅವಳ ಮಾತಿಗೆ ಎದುರು ಮಾತು ಆ ಮನೆಯಲ್ಲಿ ಎಂದೂ ಬೆಳೆದಿರಲಿಲ್ಲ. ಅಲ್ಲದೆ ಅವಳು ಹೇಳಿದ್ದರಲ್ಲಿ ಆ ಊರಿನ ಯಾರಿಗೂ ತಪ್ಪು ಕಾಣುತ್ತಿರಲಿಲ್ಲ, ಕಿನುಯೊಗೂ ಕಾಣಲಿಲ್ಲ.

ಹೊರಗೆ ವಿಮಾನ ಕಂಪನಿಯ ಮುರೊಯ್ ಕಾಯುತ್ತಿದ್ದ. ಸತ್ತವರ ಮನೆಯವರನ್ನು ನೋಡಿಕೊಳ್ಳುವುದಕ್ಕೆ ಕಂಪನಿ ಒಬ್ಬೊಬ್ಬ ನೌಕರನನ್ನು ನೇಮಿಸಿತ್ತು, ಹಿರಾಗಾ ಮನೆಗೆ ಬಂದವನು ಇವನು. ನಯ ಅಂದರೆ ನಯ. ನೀರು ಬೇಕೇ ಎಂದು ಕೇಳುವಾಗಲೂ ಅರ್ಧ ಬಾಗಿಯೇ ಕೇಳುತ್ತಿದ್ದ. ಕಿನುಯೊ ಹೇಳದೆಯೇ ಅವಳ ಅಳತೆಗೆ ಸರಿಯಾದ ಕಪ್ಪು ಶೋಕದ ಕಿಮೊನೊ ಬಾಡಿಗೆಗೆ ತಂದಿದ್ದ. ಅದರ ಮೇಲೆ ಯಾವುದೋ ಮನೆತನದ ಮುದ್ರೆ ಇತ್ತು.

"ತಾವೇ ಮನಸ್ಸು ಮಾಡಿದ್ರಲ್ಲ, ದೊಡ್ಡ ಮಾತು. ಮನೆಯವರ ಬಾಯಿಂದ ಒಂದು ಮಾತು ಬಂದ್ರೆ ಅವರ ಸಂಕಟ ಸ್ವಲ್ಪ ಇಳಿಯುತ್ತೆ. ನಮ್ಮ ಅಧ್ಯಕ್ಷರೂ ನಾಳೆ ಬರ್ತಾರೆ, ಅವರೂ ಬಾಗ್ತಾರೆ," ಎಂದ ಮುರೊಯ್.

ಹಾಲ್‌ನ ಬಾಗಿಲಲ್ಲಿ ಟೀವಿಯವರು ಕ್ಯಾಮೆರಾ ಹೂಡಿಕೊಂಡು ಕೂತಿದ್ದರು. ಅವರಿಗೆ ಯಾರು ಹೇಳಿದರು ಎಂದು ಕೇಳುವ ಸ್ಥಿತಿಯಲ್ಲಿ ಕಿನುಯೊ ಇರಲಿಲ್ಲ. ಅವಳು ಒಂದೊಂದು ಪೆಟ್ಟಿಗೆಯ ಮುಂದೆಯೂ, ಅದರ ಪಕ್ಕ ಕೂತ ಮನೆಯವರ ಮುಂದೆ ಮಂಡಿಯೂರಿ, ಎರಡೂ ಅಂಗೈ ನೆಲಕ್ಕಿಟ್ಟು, ಹಣೆ ಹಲಗೆಗೆ ತಾಗುವ ತನಕ ಬಾಗಿದಳು. "ನಮ್ಮ ಮನೆಯವರಿಂದ ನಿಮಗೆ ಹೀಗಾಯಿತು. ಕ್ಷಮಿಸಿ ಅಂತ ಕೇಳೋ ಮುಖವೂ ನನಗಿಲ್ಲ." ಒಬ್ಬಳು ಕೈಲಿದ್ದ ಚಹಾದ ಲೋಟವನ್ನು ಅವಳ ಬೆನ್ನ ಮೇಲೆ ಚೆಲ್ಲಿದಳು. ಕೆಲವರು ತಿರುಗಿ ಬಾಗಿದರು, ಅಭ್ಯಾಸಬಲ, ಬಾಗಿದ ಮೇಲೆ ತಮಗೆ ತಾವೇ ಸಿಟ್ಟಾದರು.

ಒಬ್ಬ ಮುದುಕ ಮಾತ್ರ ಅವಳತ್ತ ನೋಡಲೇ ಇಲ್ಲ. ಬಂದರಿನ ಹತ್ತಿರ ಮೀನು ಅರೆದು ಬೇಯಿಸಿ ಕಾಮಾಬೊಕೊ ಮಾಡಿ ಮಾರುವ ಗೆಂಜೊ. ಓಸಾಕಾದಲ್ಲಿ ದಾದಿಯಾಗಿದ್ದ ಮಗಳು ಚಿಗುಸಾ ಹಬ್ಬಕ್ಕೆ ಬರುವವಳಿದ್ದಳು. ರೈಲಿಗೆ ತಡವಾಗುತ್ತೆ, ವಿಮಾನಕ್ಕೆ ಬಾ ಎಂದು ದುಡ್ಡು ಕಳಿಸಿದ್ದವನು ಅವನೇ.

"ನನಗೆ ಯಾಕೆ ಹೇಳ್ತೀಯ," ಎಂದ ಅವನು ಗೋಡೆ ನೋಡುತ್ತ. "ಅವಳಿಗೆ ಹೇಳು."

ಕಿನುಯೊ ಮಂಡಿಯ ಮೇಲೇ ಸರಿದು ಹೋಗಿ ಚಿಗುಸಾಳ ಪೆಟ್ಟಿಗೆಗೆ ಬಾಗಿದಳು. ಆ ರಾತ್ರಿಯ ವಾರ್ತೆಯಲ್ಲಿ ಇಡೀ ದೇಶ ನೋಡಿದ್ದು ಅದನ್ನೇ, ಮರದ ಪೆಟ್ಟಿಗೆಯ ಮುಂದೆ ನೆಲಕ್ಕೆ ಅಂಟಿದ ಕಪ್ಪು ಬೆನ್ನನ್ನು.

ಮಾರನೆಯ ದಿನ ಅಧ್ಯಕ್ಷರು ಬಂದರು. ಜೊತೆಗೆ ಇಬ್ಬರು ವಕೀಲರು. ಅವರೂ ಬಾಗಿದರು, ಸೊಂಟದಿಂದ, ಅಳೆದು ತೂಗಿ. ಅತೀವ ದುಃಖವಾಗಿದೆ ಎಂದರು. ತನಿಖೆಯ ಫಲ ಬರುವ ತನಕ ಕಾಯುತ್ತೇವೆ ಎಂದರು. ತಪ್ಪಾಯಿತು ಅನ್ನುವ ಮಾತು ಅವರ ಬಾಯಿಂದ ಹೊರಬೀಳಲಿಲ್ಲ. ವಕೀಲರಿಗೆ ಸಂಬಳ ಕೊಡುವುದು ಅದಕ್ಕೇ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ. ಇಲ್ಲಿ ಕಳ್ಳ ಎಂದು ಯಾರೂ ಅನ್ನುವ ಮೊದಲೇ ಹೆಂಡತಿ ಹೋಗಿ ಗಂಡನ ಹೆಗಲು ತೋರಿಸಿ ಬಂದಿದ್ದಳು. ವಾರ ಕಳೆಯುವುದರೊಳಗೆ ಪೈಲಟ್ ಕುಡಿದಿದ್ದ, ಪೈಲಟ್ ತೂಕಡಿಸುತ್ತಿದ್ದ, ಪೈಲಟ್‌ಗೆ ಸಾಲವಿತ್ತು ಎಂದು ಸುದ್ದಿ ಹುಟ್ಟಿತು. ಇಲ್ಲದಿದ್ದರೆ ಆ ಹೆಂಗಸು ಯಾಕೆ ಹಾಗೆ ನೆಲಕ್ಕೆ ಬೀಳುತ್ತಿದ್ದಳು ಎಂದು ಜನ ಒಬ್ಬರನ್ನೊಬ್ಬರು ಕೇಳಿಕೊಂಡರು. ಮನೆಯ ಬೇಲಿಯ ಮೇಲೆ ಯಾರೋ ಸುಣ್ಣದಲ್ಲಿ ಕೊಲೆಗಾರ ಎಂದು ಬರೆದು ಹೋದರು. ತೊಮೆ ಕಣ್ಣು ಕಾಣದೆ ಅದರ ಮೇಲೇ ಮೂಲಂಗಿ ಒಣಗಲು ಹಾಕುತ್ತಿದ್ದಳು. ಕಿನುಯೊ ಅದನ್ನು ಓದಿ ಹೇಳುವ ಗೋಜಿಗೆ ಹೋಗಲಿಲ್ಲ.

ಸೆಯ್‌ಜಿ ಕುಡಿಯುತ್ತಿದ್ದವನಲ್ಲ. ಊಟಕ್ಕೆ ಕೂತಾಗ ಕೆಲಸದ ಮಾತು ತೆಗೆಯುತ್ತಿದ್ದದ್ದೂ ಅಪರೂಪ. ಆ ಬೇಸಿಗೆಯಲ್ಲಿ ಮಾತ್ರ ಎರಡು ಮೂರು ಸಲ ತೆಗೆದಿದ್ದ. ಅನ್ನದ ಬಟ್ಟಲು ಹಿಡಿಯುವಾಗ ಅವನ ಬೆರಳು ನಡುಗುವುದನ್ನು ನೋಡಿ ಅವಳೇ ಕೇಳಿದ್ದಳು.

"ಏನಿಲ್ಲ, ಮೊಣಕೈ ನೋವು," ಎಂದಿದ್ದ. "ನಮ್ಮ ಒಂದು ವಿಮಾನ ಇದೆ, ಮೂಗು ಮೇಲಕ್ಕೇ ಎತ್ತಲ್ಲ. ಎರಡೂ ಕೈ ಹಾಕಿ ಎಳೆದ್ರೂ ಮೆಲ್ಲಗೆ ತಗ್ಗಿಸಿಕೊಳ್ಳುತ್ತೆ. ಈ ದೇಶದಲ್ಲೇ ಬೆಳೆದದ್ದು ನೋಡು, ಬಾಗೋದು ಬಿಟ್ಟು ಬೇರೆ ಕಲಿಸಿಲ್ಲ ಅದಕ್ಕೆ."

"ಹೇಳಬಾರದಾ ಕಂಪನಿಯವರಿಗೆ?"

"ಹೇಳಿದೀನಿ. ಬಾಲದ ಕಡೆ ಏನೋ ಸವೆದಿದೆ, ಬಿಚ್ಚಿ ನೋಡ್ಬೇಕು ಅಂತ. ಹಬ್ಬದ ನೂಕುನುಗ್ಗಲು ಮುಗೀಲಿ ಆಮೇಲೆ ಬಿಚ್ಚೋಣ, ಅಲ್ಲಿ ತನಕ ಸ್ವಲ್ಪ ಸುಧಾರಿಸಿಕೊಳ್ಳಿ ಅಂದ್ರು."

"ನೀವೇನಂದ್ರಿ?"

"ಏನನ್ನಲಿ. ಸರಿ, ತೊಂದರೆ ಕೊಟ್ಟೆ, ಕ್ಷಮಿಸಿ ಅಂದೆ."

ಅಷ್ಟು ಹೇಳಿ ಉಪ್ಪಿನಕಾಯಿ ಮೂಲಂಗಿಯನ್ನು ಕಟಕಟ ಅಗಿದು ನಕ್ಕಿದ್ದ. ಆ ನಗು ನೆನಪಾದಾಗಲೆಲ್ಲ ಕಿನುಯೊಗೆ ಗಂಡನ ಮೇಲೆ ಉರಿಯುವಷ್ಟು ಸಿಟ್ಟು ಬರುತ್ತಿತ್ತು. ಹಾರಿಸುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಹಬ್ಬದ ಹೊತ್ತಲ್ಲಿ ಯಾರಿಗೂ ತೊಂದರೆಯಾಗಬಾರದು ಎಂದು ಹೊರಟವನು ಊರಿಗೆ ಊರೇ ಅಳುವ ಹಾಗೆ ಮಾಡಿದ. ಸಿಟ್ಟಿನ ಹಿಂದೆಯೇ ಅಳುವೂ ಬರುತ್ತಿತ್ತು. ಅವನಿಲ್ಲದ ಮನೆಯಲ್ಲಿ ಸಿಟ್ಟು ಮಾಡುವುದಕ್ಕೂ ಯಾರೂ ಇರಲಿಲ್ಲ.

ತನಿಖಾ ಸಮಿತಿ ಚಳಿಗಾಲದಲ್ಲಿ ಅವಳನ್ನು ಕರೆಸಿತು. ಉದ್ದ ಮೇಜು, ಆಚೆ ಬದಿಗೆ ಕನ್ನಡಕದ ಗಂಡಸರು, ಹಿಂದಿನ ಕುರ್ಚಿಯಲ್ಲಿ ಮುರೊಯ್. ಅವಳು ಮೊಣಕೈ ನೋವಿನಿಂದ ಶುರುಮಾಡಿ ಮೂಗು ಎತ್ತದ ವಿಮಾನದ ತನಕ ಎಲ್ಲವನ್ನೂ ಹೇಳಿದಳು. ಅವರು ತಾಳ್ಮೆಯಿಂದ ಕೇಳಿದರು. ನಡುವೆ ಕೂತ ಹಿರಿಯ, ವಿಶ್ವವಿದ್ಯಾಲಯದ ಪ್ರೊಫೆಸರ್ ಅಂತೆ, ಕನ್ನಡಕ ತೆಗೆದು ಒರೆಸಿದ.

"ಹಿರಾಗಾ ಅವರೇ, ಬೇಜಾರು ಮಾಡ್ಕೋಬೇಡಿ. ಅಂಥ ದೂರು ಬಂದಿದ್ದು ನಮಗೆ ಗೊತ್ತೇ ಇಲ್ಲ ಅಂತಾರೆ ಕಂಪನಿಯವರು. ಬಾಲದ ಭಾಗ ಸುಟ್ಟು ಕರಗಿದೆ, ಅದನ್ನ ನೋಡಿ ನಾವು ಹೂಂ ಅನ್ನೋಕೂ ಆಗಲ್ಲ, ಊಹೂಂ ಅನ್ನೋಕೂ ಆಗಲ್ಲ. ಒಂದು ವಿಷಯ ಮಾತ್ರ ಕೇಳ್ತೀನಿ. ವಿಮಾನ ಕೆಟ್ಟಿತ್ತು ಅಂತ ಆಗಲೇ ನಿಮಗೆ ಗೊತ್ತಿತ್ತು. ಮತ್ತೆ ಆ ದಿನ ಶಾಲೇಲಿ ಎಲ್ಲರ ಕಾಲಿಗೂ ಯಾಕೆ ಬಿದ್ರಿ?"

ಕಿನುಯೊ ಬಾಯಿ ತೆರೆದಳು. ಇದಕ್ಕೆ ಉತ್ತರ ಆ ಮೇಜಿನ ಆಚೆ ಕೂತ ಪ್ರತಿಯೊಬ್ಬನಿಗೂ ಗೊತ್ತಿತ್ತು. ಅವರವರ ತಾಯಂದಿರೂ ಹೆಂಡಂದಿರೂ ಅವಳ ಜಾಗದಲ್ಲಿದ್ದರೆ ಅದನ್ನೇ ಮಾಡುತ್ತಿದ್ದರು, ಮಾಡದಿದ್ದರೆ ಈ ಗಂಡಸರೇ ಛೀ ಅನ್ನುತ್ತಿದ್ದರು.

"ಸತ್ತವರ ಮುಂದೆ... ಬಾಗದೆ ಹೇಗಿರೋದು," ಎಂದಳು.

"ಅದು ಸರಿ. ಆದ್ರೆ ನಮ್ಮ ಮನೆಯವರಿಂದ ಹೀಗಾಯಿತು ಅಂದ್ರಿ. ನಾನೂ ಟೀವೀಲಿ ನೋಡಿದೆ. ಅವರಿಂದ ಏನಾಗಿತ್ತು? ಮನಸ್ಸಿನಲ್ಲಿ ಏನಾದ್ರೂ ಕೊರೀತಿತ್ತಾ ನಿಮಗೆ? ಹಿಂದಿನ ರಾತ್ರಿ ಅವರು ನಿದ್ದೆ ಮಾಡಿದ್ರಾ?"

ಅವಳು ತಿರುಗಿ ಮುರೊಯ್‌ನನ್ನು ನೋಡಿದಳು. ಕಿಮೊನೊ ತಂದವನು, ಕ್ಯಾಮೆರಾ ಇರುವ ಬಾಗಿಲಿಂದಲೇ ಒಳಗೆ ಕರೆದೊಯ್ದವನು. ಅವನು ತನ್ನ ಬೂಟಿನ ಲಾಡಿಯನ್ನು ಬಹಳ ಗಮನವಿಟ್ಟು ನೋಡುತ್ತಿದ್ದ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅನ್ನುವ ಮಾತು ಸುಳ್ಳಲ್ಲ, ಇಲ್ಲಿ ಗುದ್ದು ಬಿದ್ದದ್ದು ಬಾಗಿದವಳಿಗಲ್ಲ, ಉಗ್ರಾಣದಲ್ಲಿ ಚೆಂಡಿನ ಬುಟ್ಟಿಯ ಪಕ್ಕ ಮಲಗಿದ್ದವನಿಗೆ.

ವರದಿ ಮುಂದಿನ ವರ್ಷ ಬಂತು. ದಪ್ಪ ಪುಸ್ತಕ. ಕಾರಣ ಖಚಿತವಾಗಿ ಹೇಳಲಾಗದು, ಕ್ಯಾಪ್ಟನ್ ಎಚ್ಚೆತ್ತುಕೊಂಡದ್ದು ತಡವಾಗಿರಬಹುದೆಂದು ಊಹಿಸಲಾಗಿದೆ ಎಂದು ಕೊನೆಯಲ್ಲಿ ಬರೆದಿದ್ದರು. ಊಹಿಸಲಾಗಿದೆ ಎಂಬ ಪದಕ್ಕೆ ಪತ್ರಿಕೆಯವರ ತಲೆಬರಹದಲ್ಲಿ ಜಾಗ ಸಾಲಲಿಲ್ಲ. ಕ್ಯಾಪ್ಟನ್‌ನದೇ ತಪ್ಪು ಎಂದು ಹಾಕಿ ಮುಗಿಸಿದರು.

ಆ ವರ್ಷವೇ ಗುಡ್ಡದ ಮೇಲೆ ಸತ್ತವರ ಹೆಸರಿನ ಕಲ್ಲು ನಿಲ್ಲಿಸುವ ಮಾತು ಹೊರಟಿತು. ಸತ್ತವರ ಮನೆಯವರೆಲ್ಲ ಸೇರಿ ಒಂದು ಸಂಘ ಮಾಡಿಕೊಂಡಿದ್ದರು. ಗಗನಸಖಿಯರ ಹೆಸರಿಗೆ ಅವರು ಒಪ್ಪಿದರು, ಸಹಪೈಲಟ್ ಇನ್ನೂ ಹುಡುಗ ಎಂದು ಅವನ ಹೆಸರಿಗೂ ಒಪ್ಪಿದರು. ಹಿರಾಗಾ ಸೆಯ್‌ಜಿಯ ಹೆಸರು ಬೇಡ ಎಂದರು.

ಆ ದಿನದಿಂದ ತೊಮೆ ಸರಿಯಾಗಿ ಊಟ ಮಾಡಲಿಲ್ಲ. ಗಂಡನ ಹೆಣವನ್ನು ಸಮುದ್ರ ವಾಪಸ್ಸು ಕೊಟ್ಟಿರಲಿಲ್ಲ, ಅವನ ಗೋರಿಯೊಳಗಿದ್ದದ್ದು ಒಂದು ಟೋಪಿ. ಮಗನದ್ದೆಂದು ಕೊಟ್ಟ ಬೂದಿಯಲ್ಲಿ ಮಗ ಎಷ್ಟು, ಬೇರೆಯವರೆಷ್ಟು ಎಂದು ಅವಳಿಗೆ ಗೊತ್ತಿರಲಿಲ್ಲ. "ಅವನು ಸತ್ತ ಜಾಗದಲ್ಲಿ ಅವನ ಹೆಸರಿಲ್ಲ ಅಂದ್ರೆ ಹಬ್ಬಕ್ಕೆ ಅವನು ಎಲ್ಲಿಂದ ಮನೆಗೆ ಹೊರಡಬೇಕು? ಬೇರೆಯವರ ಮಕ್ಕಳೆಲ್ಲ ಸಾಲಾಗಿ ಇಳಿದು ಬರೋವಾಗ ಇವನೊಬ್ಬ ಪೊದೆ ಹಿಂದೆ ನಿಂತ್ಕೋಬೇಕಾ?" ಎಂದು ಬುದ್ಧನ ಗೂಡಿನ ಮುಂದೆ ಕೂತು ಗೊಣಗುತ್ತಿದ್ದಳು. ಕಿನುಯೊಗೆ ದೆವ್ವ ದೇವರ ಮೇಲೆ ಅಷ್ಟು ನಂಬಿಕೆಯಿರಲಿಲ್ಲ, ಆದರೂ ಪೊದೆಯ ಹಿಂದೆ ಸಮವಸ್ತ್ರದಲ್ಲಿ ನಿಂತ ಗಂಡ ಕಣ್ಣಿಗೆ ಕಟ್ಟಿಬಿಟ್ಟ. ಆಮೇಲೆ ಅವಳಿಗೂ ಆ ಕಲ್ಲಿನ ಮೇಲೆ ಹೆಸರು ಬೇಕು ಅನ್ನುವುದು ಬಿಟ್ಟು ಬೇರೆ ಯೋಚನೆಯೇ ಉಳಿಯಲಿಲ್ಲ.

ಅಷ್ಟು ಹೊತ್ತಿಗೆ ಮುರೊಯ್ ಸಿಹಿ ತಿಂಡಿಯ ಪೆಟ್ಟಿಗೆ ಹಿಡಿದು ಬಂದ.

"ಕಲ್ಲಿನ ಖರ್ಚೆಲ್ಲ ಕಂಪನೀದೇ," ಎಂದ ಚಾಪೆಯ ಅಂಚಿನಲ್ಲಿ ಕೂತು. "ಸಂಘದ ದೊಡ್ಡವರ ಹತ್ರ ನಾನೇ ಮಾತಾಡಿದೀನಿ. ಕಲ್ಲಿನ ಕೆಳಗಡೆ ಜಾಗ ಬಿಡಿಸಿದೀನಿ. ಕ್ಯಾಪ್ಟನ್ ಹೆಸರು ಅಲ್ಲಿ ಕೂತ್ಕೊಳ್ಳುತ್ತೆ. ಒಂದೇ ಒಂದು ಕೆಲಸ ಆಗ್ಬೇಕು. ಈ ಬೇಸಿಗೇಲಿ ಸತ್ತವರ ಪೂಜೆ ದಿನ, ಕಲ್ಲಿನ ಬಟ್ಟೆ ತೆಗೆಯೋವಾಗ, ಅವತ್ತು ಶಾಲೇಲಿ ಮಾಡಿದ್ರಲ್ಲ, ಹಾಗೆ ಎಲ್ಲರ ಮುಂದೆ ಇನ್ನೊಂದು ಸಲ. ಅವರ ಮನಸ್ಸು ಕರಗಿಬಿಡುತ್ತೆ."

"ಟೀವಿಯವರು ಬರ್ತಾರಾ?" ಎಂದಳು ಕಿನುಯೊ.

"ಬಂದ್ರೂ ಬರಬಹುದು. ನಮ್ಮ ಕೈಲೇನಿದೆ."

"ಕಿಮೊನೊ ಈ ಸಲ ಯಾರ ಮನೇದು?"

ಮುರೊಯ್ ಅರ್ಥವಾಗದವನಂತೆ ನಕ್ಕ. ತೊಮೆ ಮೂಲೆಯಿಂದ, "ಬಾಗ್ತಾಳೆ ಬಿಡಿ. ನಮ್ಮ ಸೊಸೆ ಬಾಗೋದರಲ್ಲಿ ಗಟ್ಟಿಗಿತ್ತಿ. ಹೆಸರು ಮಾತ್ರ ದೊಡ್ಡದಾಗಿ ಕೆತ್ತಿಸಿ, ನನಗೆ ಬೆರಳಿಗೆ ಸಿಗೋ ಹಾಗೆ," ಎಂದಳು. ಆ ಸಂಜೆ ಅವಳು ಬಹಳ ದಿನಗಳ ಮೇಲೆ ಹೊಟ್ಟೆತುಂಬ ಉಂಡಳು. ಕಿನುಯೊ ಬಟ್ಟಲು ತೊಳೆಯುತ್ತ, ಇನ್ನೊಂದು ಸಲ ತಾನೇ, ಮಂಡಿ ಏನು ಸವೆಯುತ್ತದೆಯೇ ಎಂದು ತನಗೆ ತಾನೇ ಹೇಳಿಕೊಂಡಳು.

ಗೆಂಜೊ ಬಂದದ್ದು ಪೂಜೆಗೆ ಸ್ವಲ್ಪ ಮುಂಚೆ. ಬಾಗಿಲಲ್ಲಿ ನಿಂತವನನ್ನು ನೋಡಿ ಕಿನುಯೊ ಮಂಡಿಯೂರಲು ಹೋದಳು.

"ನಿಲ್ಲು ನಿಲ್ಲು, ನಿನ್ನ ಕಸುಬು ಶುರುಮಾಡ್ಬೇಡ," ಎಂದ ಅವನು. ತೋಳಿಗೆ ಇನ್ನೂ ಮೀನಿನ ಹಿಟ್ಟು ಅಂಟಿತ್ತು. ಜೇಬಿಂದ ಎಣ್ಣೆಯಾದ ಪತ್ರಿಕೆಯ ತುಂಡೊಂದನ್ನು ತೆಗೆದ. "ಕಾಮಾಬೊಕೊ ಕಟ್ಟೋಕೆ ಹಳೇ ಪೇಪರ್ ತರಿಸ್ತೀನಿ. ನಿನ್ನೆ ಕೈಗೆ ಬಂತು. ಓದು."

ಮೂಲೆಯ ಸಣ್ಣ ಸುದ್ದಿ. ಕಂಪನಿ ತನ್ನ ಅದೇ ಜಾತಿಯ ಉಳಿದೆಲ್ಲ ವಿಮಾನಗಳ ಬಾಲ ಬಿಚ್ಚಿಸಿ, ಸವೆದ ಭಾಗಗಳನ್ನು ಬದಲಿಸಿದೆ, ಇದು ಬರೀ ಮುನ್ನೆಚ್ಚರಿಕೆಯ ಕ್ರಮ ಎಂದಿತ್ತು.

"ಬಾಲ ಚೆನ್ನಾಗಿದ್ರೆ ಯಾಕಮ್ಮ ಬದಲಾಯಿಸ್ತಾರೆ? ನನ್ನ ಅಂಗಡೀಲಿ ಹಳಸಿದ ಮೀನು ಸಿಕ್ಕಿದ್ರೆ ತಾನೆ ಉಳಿದ ಬುಟ್ಟಿನೂ ನಾನು ಬಗ್ಗಿ ನೋಡೋದು? ನಿಜ ಹೇಳು. ನಿನ್ನ ಗಂಡ ಕೊಂದನಾ ನನ್ನ ಮಗಳನ್ನ?"

ಕಿನುಯೊ ಸಮಿತಿಯ ಮುಂದೆ ಹೇಳಿದ್ದನ್ನೇ ಹೇಳಿದಳು. ಅಲ್ಲಿ ಹೇಳದ್ದನ್ನೂ ಹೇಳಿದಳು. "ಕೆಟ್ಟಿದೆ ಅಂತ ಅವರಿಗೆ ಗೊತ್ತಿತ್ತು. ಹಾರಿಸಲ್ಲ ಅನ್ನಬಹುದಾಗಿತ್ತು, ಅನ್ನಲಿಲ್ಲ. ತೊಂದರೆ ಕೊಟ್ಟೆ, ಕ್ಷಮಿಸಿ ಅಂದು ಬಂದ್ರು."

ಗೆಂಜೊ ಹೊಸ್ತಿಲ ಮೇಲೆ ಕುಸಿದು ಕೂತ. ಆಮೇಲೆ ಬಾಯಿಬಿಟ್ಟಾಗ ದನಿಯಲ್ಲಿ ಅಳುವಿತ್ತೋ ಸಿಟ್ಟಿತ್ತೋ ಅವಳಿಗೆ ತಿಳಿಯಲಿಲ್ಲ.

"ಹಾಗಿದ್ರೆ ಅವತ್ತು ನನ್ನ ಮುಂದೆ ಯಾಕೆ ಬಿದ್ದೆ? ಅದನ್ನ ನೋಡಿ ನಾನು, ಸರಿ, ಇವನೇ ಅಂತ ತೀರ್ಮಾನ ಮಾಡ್ಕೊಂಡುಬಿಟ್ಟೆ. ಬೇರೆ ಯಾರನ್ನೂ ಒಂದು ಮಾತು ಕೇಳಲಿಲ್ಲ. ನಿನ್ನ ಗಂಡನ್ನ ಬೈಕೊಂಡೇ ಮೀನು ಅರೆದೆ, ಬೈಕೊಂಡೇ ಮಲಗಿದೆ. ಇಷ್ಟೂ ದಿನ ತಪ್ಪು ಮನೆಗೆ ಶಾಪ ಹಾಕಿದೆನಲ್ಲಮ್ಮ. ಅಧ್ಯಕ್ಷ ಅನ್ನೋನು ನನ್ನ ಕಣ್ಣ ಮುಂದೇನೇ ನಿಂತಿದ್ದ, ಅವನಿಗೆ ನಾನು ವಾಪಸ್ಸು ಬಾಗಿದೆ."

"ಏನು ಮಾಡಲಿ ಈಗ? ಆಗಿಹೋಯ್ತು."

"ಹಾರಿಸಲ್ಲ ಅನ್ನಲಿಲ್ಲ ಅಂದೆಯಲ್ಲ, ಅಷ್ಟು ತಪ್ಪು ಅವನದ್ದು. ಅದಕ್ಕೆ ಎಷ್ಟು ಬಾಗಬೇಕೋ ಅಷ್ಟು ಬಾಗು, ನಾನು ಬೇಡ ಅನ್ನಲ್ಲ. ಮಿಕ್ಕಿದ್ದನ್ನ ವಾಪಸ್ಸು ತಗೋ. ಅದು ನಿನ್ನದಲ್ಲ."

"ವಾಪಸ್ಸು ತಗೊಂಡ್ರೆ ಕಲ್ಲಿನ ಮೇಲೆ ಹೆಸರು ಬರಲ್ಲ."

"ಬರಲ್ಲ," ಎಂದ ಗೆಂಜೊ. ಸಮಾಧಾನದ ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ. ಹೋಗುವಾಗ ಎರಡು ಕಾಮಾಬೊಕೊ ಹೊಸ್ತಿಲ ಮೇಲಿಟ್ಟು ಹೋದ.

ಒಳಗೆ ತೊಮೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಆ ಮೀನಿನವನ ಮಾತು ಕೇಳಿ ನನ್ನ ಮಗನ ಹೆಸರು ಕಳೀಬೇಡ ಕಿನುಯೊ," ಎಂದಳು. ಗದರಿಕೆಯ ದನಿಯಲ್ಲಿ ಅಲ್ಲ. ಆ ಮುದುಕಿ ಸೊಸೆಯನ್ನು ಬೇಡಿದ್ದು ಅದೇ ಮೊದಲು, ಕಿನುಯೊಗೆ ಅದಕ್ಕಿಂತ ಬೈಗುಳವೇ ವಾಸಿ ಅನ್ನಿಸಿತು.

ಪೂಜೆಯ ದಿನ ಗುಡ್ಡದ ಮೇಲೆ ಸಿಕಾಡ ಹುಳುಗಳು ಕಿವಿ ತೂತಾಗುವ ಹಾಗೆ ಕಿರುಚುತ್ತಿದ್ದವು. ಸುಟ್ಟ ಮರಗಳ ಬುಡದಲ್ಲಿ ಹೊಸ ಚಿಗುರು ಮಂಡಿಯೆತ್ತರ ಬಂದಿತ್ತು. ಬಿಳಿ ಬಟ್ಟೆ ಹೊದಿಸಿದ ಕಲ್ಲು, ಒಂದು ಕಡೆ ಅಧ್ಯಕ್ಷರು ಮತ್ತವರ ಜನ, ಇನ್ನೊಂದು ಕಡೆ ಸತ್ತವರ ಮನೆಯವರು, ಹಿಂದೆ ಕ್ಯಾಮೆರಾಗಳು. ಭಿಕ್ಷು ಮಂತ್ರ ಮುಗಿಸಿದ. ಬಟ್ಟೆ ಸರಿಯಿತು. ಹೆಸರುಗಳ ಸಾಲಿನ ಕೆಳಗೆ ಅಂಗೈಯಗಲ ನುಣ್ಣಗೆ ಖಾಲಿ ಬಿಟ್ಟಿದ್ದು ಕಿನುಯೊಗೆ ಮೊದಲ ನೋಟಕ್ಕೇ ಕಂಡಿತು. ಮುರೊಯ್ ಅವಳ ಮೊಣಕೈಯನ್ನು ಮೆಲ್ಲಗೆ ಮುಟ್ಟಿದ. ಅವಳು ಮುಂದೆ ನಡೆದಳು.

ಈ ಸಲ ಅವಳು ಉಟ್ಟಿದ್ದು ತನ್ನದೇ ಕಿಮೊನೊ, ಮದುವೆಯಲ್ಲಿ ತವರಿನವರು ಕೊಟ್ಟದ್ದು. ಅಂಚಿನ ಕಪ್ಪು ಮಾಸಿ ಕೆಂಪಾಗಿತ್ತು. ಅವಳು ಕಲ್ಲಿನ ಮುಂದೆ ನಿಂತು ಆ ಖಾಲಿ ಜಾಗವನ್ನು ನೋಡಿದಳು. ಅತ್ತೆಯ ಬೆರಳುಗಳು ನೆನಪಾದವು. ಮಂಡಿ ತಾನಾಗಿಯೇ ಸಡಿಲವಾಯಿತು, ನೆಲ ಕರೆಯುತ್ತಿತ್ತು, ಹುಟ್ಟಿದಾಗಿನಿಂದ ಕಲಿತ ವಿದ್ಯೆ ಅದು. ಎಲ್ಲರೂ ಕಾಯುತ್ತಿದ್ದರು.

ಅವಳು ಸತ್ತವರ ಮನೆಯವರ ಕಡೆ ತಿರುಗಿದಳು. ಬೀದಿಯಲ್ಲಿ ನೆರೆಮನೆಯವರ ಕೈಗೆ ತನ್ನ ಕೊಡೆ ತಗುಲಿದರೆ ಎಷ್ಟು ಬಾಗುವರೋ ಅಷ್ಟು ಬಾಗಿದಳು, ಅಷ್ಟಕ್ಕೇ ನೆಟ್ಟಗೆ ನಿಂತಳು.

"ವಿಮಾನ ಕೆಟ್ಟಿದೆ ಅಂತ ನಮ್ಮ ಮನೆಯವರಿಗೆ ಗೊತ್ತಿತ್ತು. ಕಂಪನಿಗೆ ಹೇಳಿದ್ರು. ಆದ್ರೂ ಹಾರಿಸಿದ್ರು. ಅದಕ್ಕೆ ಇಷ್ಟು," ಎಂದಳು. ಆಮೇಲೆ ಅಧ್ಯಕ್ಷರ ಕಡೆ ನೋಡಿ, "ಮಿಕ್ಕಿದ್ದು ನಿಮ್ಮದು," ಎಂದು ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

ಸಿಕಾಡಗಳು ಕಿರುಚುತ್ತಲೇ ಇದ್ದವು. ಜನರ ನಡುವಿಂದ ಗೆಂಜೊನ ದನಿ ಬಂತು. "ಈಗ ಯಾರ ಸರದಿ? ಜಾಗ ಖಾಲಿ ಇದೆ, ಬನ್ನಿ ಸ್ವಾಮಿ."

ಅಧ್ಯಕ್ಷರು ವಕೀಲರ ಮುಖ ನೋಡಿದರು. ನಿಂತಲ್ಲೇ, ಸೊಂಟದಿಂದ, ಅಳೆದು ತೂಗಿ ಬಾಗಿದರು. ಅತೀವ ದುಃಖವಾಗಿದೆ ಎಂದರು. ಸತ್ತವರ ಮನೆಯವರಲ್ಲಿ ಹೆಚ್ಚಿನವರು ಅದಕ್ಕೆ ತಿರುಗಿ ಬಾಗಿದರು. ಅಂದು ಚಹಾ ಚೆಲ್ಲಿದವಳು ಕಿನುಯೊಳ ಪಕ್ಕ ಹಾದುಹೋಗುವಾಗ, "ಇಷ್ಟು ಬೇಗ ಕತ್ತು ಗಟ್ಟಿಯಾಯ್ತಾ ನಿನಗೆ," ಎಂದಳು.

ಮರುದಿನದ ಪತ್ರಿಕೆಗಳಲ್ಲಿ ಕ್ಯಾಪ್ಟನ್‌ನ ಹೆಂಡತಿಯ ದರ್ಪ ಎಂದು ಬಂತು. ಬಾಗಿದಾಗ ಅದನ್ನು ಸಾಕ್ಷಿ ಎಂದು ಹಿಡಿದವರಿಗೆ, ಬಾಗದೆ ನಿಂತಾಗ ಅದು ಯಾವುದಕ್ಕೂ ಸಾಕ್ಷಿ ಅನ್ನಿಸಲಿಲ್ಲ. ಬಾಲದ ಭಾಗಗಳ ಬಗ್ಗೆ ಒಬ್ಬನೂ ಒಂದು ಸಾಲು ಬರೆಯಲಿಲ್ಲ. ಗೆಂಜೊ ಸಂಘದ ಸಭೆಯಲ್ಲಿ ಆ ಎಣ್ಣೆಯಾದ ಪತ್ರಿಕೆಯ ತುಂಡು ಎತ್ತಿ ಹಿಡಿದನಂತೆ, ಮೀನಿನ ವಾಸನೆ ಬರುತ್ತದೆ, ಕೆಳಗಿಡಿ ಎಂದರಂತೆ. ಮುರೊಯ್ ಮತ್ತೆ ಬರಲಿಲ್ಲ. ಅವನಿಗೆ ಬೇರೆ ಊರಿಗೆ ಬಡ್ತಿಯಾಯಿತು ಎಂದು ಸುದ್ದಿ.

ತೊಮೆ ಸೊಸೆಯ ಜೊತೆ ಮಾತು ಬಿಟ್ಟಳು. ಉಪ್ಪು ಬೇಕಾದರೆ ಬೆರಳಿಂದ ತೋರಿಸುವಳು. ಚಳಿಗಾಲವಿಡೀ ಆ ಮನೆಯಲ್ಲಿ ಬೆಂಕಿಯ ಸದ್ದು ಬಿಟ್ಟರೆ ಇನ್ನೊಂದಿರಲಿಲ್ಲ. ಹಿಮ ಕರಗಿದ ಮೇಲೆ ಒಂದು ಬೆಳಿಗ್ಗೆ ಅವಳೇ ಬಾಯಿಬಿಟ್ಟಳು.

"ಗುಡ್ಡಕ್ಕೆ ಕರ್ಕೊಂಡು ಹೋಗು. ಹೆಸರಿಲ್ಲದಿದ್ರೆ ಆ ಖಾಲಿ ಜಾಗನಾದ್ರೂ ಮುಟ್ಟಿ ಬರ್ತೀನಿ. ಅದು ಅವನದೇ ಜಾಗ ತಾನೆ?"

ಮೆಟ್ಟಿಲು ಹತ್ತಲು ಅವಳಿಗಾಗುತ್ತಿರಲಿಲ್ಲ. ಗೆಂಜೊ ಬಂದು ಬೆನ್ನಿಗೆ ಹಾಕಿಕೊಂಡ. "ನಿನ್ನಷ್ಟು ಹಗುರದ ಮೀನನ್ನ ನಾನು ಕೊಳ್ಳೋದೂ ಇಲ್ಲ ಅಜ್ಜಿ," ಎಂದ. "ನಿನ್ನಂಥ ನಾರುವ ದೋಣಿಗೆ ನಾನು ಹತ್ತೋದೂ ಇಲ್ಲ, ಗತಿಯಿಲ್ಲ ನೋಡು," ಎಂದಳು ಅವಳು. ಮೇಲೆ ಮುಟ್ಟಿಸಿ, ಕಲ್ಲಿಗೆ ಎರೆಯಲು ನೀರು ತರುವುದಕ್ಕೆ ಅವನು ಕೆಳಗಿನ ಊಟೆಗೆ ಇಳಿದ.

ತೊಮೆ ಕಲ್ಲಿನ ಮೇಲೆ ಕೈಯಾಡಿಸುತ್ತ ಬಂದಳು. ಒಂದೊಂದೇ ಹೆಸರು ದಾಟಿ ಬೆರಳು ಕೆಳಗೆ ಇಳಿಯಿತು. ಕೊನೆಗೆ ನುಣುಪು ಸಿಗಬೇಕಾದಲ್ಲಿ ಗೀರು ಸಿಕ್ಕಿತು, ಆಳವಾಗಿ, ದೊಡ್ಡದಾಗಿ ಕೆತ್ತಿದ ಗೀರು. ಮುದುಕಿಯ ಮುಖ ಅರಳಿಬಿಟ್ಟಿತು.

"ಕೆತ್ತಿದಾರೆ ಕಣೇ. ಇಲ್ನೋಡು, ಕೆತ್ತಿದಾರೆ. ಓದು."

ಕಿನುಯೊ ಬಗ್ಗಿ ನೋಡಿದಳು. ಈ ಕಲ್ಲನ್ನು ನಿಲ್ಲಿಸಿದವರು ಎಂದಿತ್ತು. ಅದರ ಕೆಳಗೆ ಕಂಪನಿಯ ಹೆಸರು, ಅದರ ಕೆಳಗೆ ಅಧ್ಯಕ್ಷರ ಹೆಸರು. ಬೇಲಿಯ ಮೇಲಿನ ಬರಹವನ್ನು ಓದಿ ಹೇಳದ ಹಾಗೆ ಇದನ್ನೂ ಬಿಡಬಹುದಿತ್ತು. ಸೆಯ್‌ಜಿ ಎಂದು ಒಂದು ಸುಳ್ಳು ಹೇಳಿದರೆ ಮುದುಕಿ ಸುಖವಾಗಿ ಸಾಯುತ್ತಿದ್ದಳು. ಆದರೆ ಆ ಮನೆಯಲ್ಲಿ ಇನ್ನೊಬ್ಬರಿಗೆ ನೋವಾಗಬಾರದೆಂದು ಆಡಿದ ಮಾತುಗಳು ಸಾಕಷ್ಟು ಹೆಣ ಬೀಳಿಸಿದ್ದವು. ಅವಳು ಇದ್ದದ್ದನ್ನು ಇದ್ದಂತೆ ಓದಿದಳು.

ತೊಮೆಯ ಬೆರಳು ಕಲ್ಲಿನ ಮೇಲೇ ನಿಂತುಬಿಟ್ಟಿತು. ಗಾಳಿಗೆ, ಕಿನುಯೊ ಹಚ್ಚಿಟ್ಟಿದ್ದ ಊದುಬತ್ತಿಯ ಬೂದಿ ಅವಳ ತೋಳ ಮೇಲೆ ಉದುರುತ್ತಿತ್ತು. ಆಮೇಲೆ ಅವಳು ಕಲ್ಲಿಗೆ ಬೆನ್ನು ಮಾಡಿ, ಮಡಚಲಾಗದ ಮಂಡಿಯನ್ನು ಕೈಯಿಂದ ಹಿಡಿದು ಮಡಚಿ, ನೋವಿಗೆ ಹಲ್ಲು ಕಚ್ಚಿ ಸೊಸೆಯ ಮುಂದೆ ನೆಲಕ್ಕೆ ಕೂತಳು. ಎರಡೂ ಅಂಗೈಯನ್ನು ಮಣ್ಣಿಗೆ ಊರಿದಳು.

"ನಾನು ನಿನ್ನ ಬಾಗಿಸಿದೆ," ಎಂದಳು. "ಮೊದಲು ಬಾಗು, ಆಮೇಲೆ ಅಳು ಅಂದೆ. ನನ್ನ ಮಗನನ್ನ ನಾನೇ..."

ಹಣೆ ನೆಲಕ್ಕೆ ತಾಗುವ ಮೊದಲೇ ಕಿನುಯೊ ಅವಳ ಎರಡೂ ತೋಳು ಹಿಡಿದು ಎತ್ತಿದಳು.

"ಏಳಿ ಅತ್ತೆ, ಬೇಡ," ಎಂದಳು. "ಯಾರಾದ್ರೂ ನೋಡಿದ್ರೆ, ವಿಮಾನ ಬೀಳಿಸಿದ್ದು ನೀವೇ ಅಂತ ಬರ್ಕೊಂಡುಬಿಡ್ತಾರೆ."